ಅಮ್ಮನ ಟ್ರಂಕು ಮತ್ತು ಒಂದು ಪುಟ್ಟ ದೇಶ

ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕಿತ್ತು. ಅಮ್ಮ ಹುಟ್ಟಿದ ದಿನಾಂಕಕ್ಕೆ ಒಂದು ದಾಖಲೆ ಬೇಕಿತ್ತು. ಆಧಾರ್‌ನಲ್ಲಿ ಇರೋದು ಜನವರಿ 1. ನಮ್ಮೂರಲ್ಲಿ ಅಮ್ಮನ ವಯಸ್ಸಿನ ಅರ್ಧಕ್ಕರ್ಧ ಜನ ಜನವರಿ 1ರಂದೇ ಹುಟ್ಟಿದವರು. ನಿಮ್ಮೂರಲ್ಲೂ ಹಾಗೇ ಇರಬೇಕು. ಶಾಲೆಯ ಟಿಸಿ ಎಲ್ಲೋ ಇದೆ ಅಂತ ಅಮ್ಮ ಅಂದಿದ್ದಕ್ಕೆ ನಾವಿಬ್ಬರು ಅಕ್ಕ-ತಂಗಿ ಅಟ್ಟದ ಮೇಲಿನ ಟ್ರಂಕು ಇಳಿಸಿ ಕೂತೆವು.

ಟಿಸಿ ಸಿಕ್ಕಿತು. ಅದರ ಕೆಳಗೆ ನಾಲ್ಕು ಮಡಿಕೆಯ, ಹಳದಿ ತಿರುಗಿದ ಇನ್ನೊಂದು ಕಾಗದ ಇತ್ತು. 1987ರಲ್ಲಿ ಅಮ್ಮ ಮಂಡಲ ಪಂಚಾಯಿತಿ ಸದಸ್ಯೆಯಾಗಿ ಆಯ್ಕೆಯಾದ ಪ್ರಮಾಣಪತ್ರ. ಈ ವಿಷಯ ಯಾವಾಗಲೋ ಕಿವಿಗೆ ಬಿದ್ದಿತ್ತು, ಮರೆತೂ ಹೋಗಿತ್ತು. ಊರಲ್ಲಿ ಯಾರೂ ಅಮ್ಮನನ್ನು ‘ಮೆಂಬರ್’ ಅಂತ ಕರೆದದ್ದು ನಮಗೆ ನೆನಪಿಲ್ಲ.

ಪಾಸ್‌ಪೋರ್ಟು ಯಾಕೆ ಅಂತ ಮೊದಲು ಹೇಳಿಬಿಡುತ್ತೇವೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಅಮ್ಮ ಅಲ್ಲಿಂದೀಚೆಗೆ ತೋಟ ಬಿಟ್ಟು ಎಲ್ಲಿಗೂ ಹೋಗಿಲ್ಲ. ಮದುವೆ, ನಾಮಕರಣ ಅಂದರೆ ನಮ್ಮನ್ನೇ ಕಳಿಸ್ತಾರೆ. ಸೋದರಮಾವನ ಮಗ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ‘ಅತ್ತೇನ ಕರ್ಕೊಂಡ್ ಬನ್ನಿ, ಉಳಿಯೋಕೆ ನನ್ನ ಮನೆ ಇದೆ’ ಅಂತ ಒಂದೇ ಸಮನೆ ಹೇಳ್ತಿದ್ದ. ಈ ಸಲ ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕಿತು. ಹೋಗಿಬರೋಣ ಅಂತ ನಾವು ಹಟ ಹಿಡಿದೆವು.

ನಮ್ಮ ಮೊದಲ ಪ್ಲಾನ್ ಎಲ್ಲರದ್ದೂ ಇರೋ ಹಾಗೇ ಇತ್ತು. ಹಿಮದ ಬೆಟ್ಟ, ಸಿನಿಮಾದಲ್ಲಿ ನೋಡಿದ ಸರೋವರ, ರೈಲು. ಮ್ಯಾಪ್ ತೆಗೆದು ಅಮ್ಮನಿಗೆ ತೋರಿಸ್ತಿದ್ದಾಗ ಅವರು ಬೆರಳಿಟ್ಟು ಕೇಳಿದರು, “ಇದೇನು ಇಲ್ಲಿ ಸಣ್ಣದಾಗಿ ಗೆರೆ ಎಳೆದವ್ರೆ?”

ಅದು ಲಿಕ್ಟೆನ್‌ಸ್ಟೈನ್. ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ ನಡುವೆ ಸಿಕ್ಕಿಕೊಂಡಿರುವ ದೇಶ. ವಿಸ್ತೀರ್ಣ 160 ಚದರ ಕಿಲೋಮೀಟರ್. ಉದ್ದ ಸುಮಾರು 25 ಕಿಲೋಮೀಟರ್. ಜನಸಂಖ್ಯೆ ಸುಮಾರು 40,000. ಒಂದು ಕಡೆ ರೈನ್ ನದಿ, ಇನ್ನೊಂದು ಕಡೆ ಆಲ್ಪ್ಸ್ ಬೆಟ್ಟ. ವಿಮಾನ ನಿಲ್ದಾಣ ಇಲ್ಲ. ಸ್ವಂತ ನೋಟು ಇಲ್ಲ, ಸ್ವಿಸ್ ಫ್ರಾಂಕೇ ನಡೆಯುತ್ತೆ. ಸೈನ್ಯವನ್ನು 1868ರಲ್ಲೇ ತೆಗೆದುಹಾಕಿದ್ದಾರೆ. ಇಡೀ ದೇಶಕ್ಕೆ 11 ಪಂಚಾಯಿತಿ.

“ಹನ್ನೊಂದೇನಾ?” ಅಂದರು ಅಮ್ಮ. “ನಮ್ಮ ಹೋಬಳಿಯಷ್ಟಿದೆ ಹಂಗಾದ್ರೆ. ಇದನ್ನ ನೋಡಬಹುದು. ದೊಡ್ಡ ದೇಶಕ್ಕೆ ಹೋದ್ರೆ ಏನ್ ನೋಡಿದ್ವಿ ಏನ್ ಬಿಟ್ವಿ ಅಂತಾನೇ ಗೊತ್ತಾಗಲ್ಲ.”

ಆಮೇಲೆ ಆ ದೇಶದ ಬಗ್ಗೆ ಓದುತ್ತಾ ಹೋದೆವು. ರಾತ್ರಿ ಊಟ ಆದ ಮೇಲೆ ಓದಿದ್ದನ್ನು ಅಮ್ಮನಿಗೆ ಹೇಳೋದು ರೂಢಿಯಾಯಿತು. 2003ರಲ್ಲಿ ತಿದ್ದಿದ ಅವರ ಸಂವಿಧಾನದ ಪ್ರಕಾರ, ಯಾವುದಾದರೂ ಪಂಚಾಯಿತಿಗೆ ಬೇಡ ಅನ್ನಿಸಿದರೆ ದೇಶ ಬಿಟ್ಟು ಹೋಗೋ ಹಕ್ಕೂ ಇದೆ. ಇದುವರೆಗೆ ಯಾವುದೂ ಬಿಟ್ಟು ಹೋಗಿಲ್ಲ. ಅಲ್ಲಿ ಈಗಲೂ ರಾಜಮನೆತನ ಇದೆ, ಜನರ ಮತದಾನವೂ ಇದೆ. ಅಮ್ಮನಿಗೆ ಇದೆಲ್ಲ ತಮಾಷೆಯಾಗಿ ಕಾಣ್ತಿತ್ತು.

ಪ್ರಮಾಣಪತ್ರ ಸಿಕ್ಕ ದಿನ ರಾತ್ರಿ ನಾವು ಇನ್ನೊಂದು ವಿಷಯ ಹೇಳಿದೆವು. ಆ ದೇಶದಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಮತದ ಹಕ್ಕು ಸಿಕ್ಕಿದ್ದು 1984ರಲ್ಲಿ. ಹೌದು, 1984. 1971ರಲ್ಲಿ ಒಮ್ಮೆ, 1973ರಲ್ಲಿ ಇನ್ನೊಮ್ಮೆ ಈ ಬಗ್ಗೆ ಮತದಾನ ನಡೆದಿತ್ತು. ಮತ ಹಾಕಿದವರು ಗಂಡಸರು ಮಾತ್ರ. ಎರಡು ಸಲವೂ ಬೇಡ ಅಂದರು. 1984ರಲ್ಲಿ 2,370 ಜನ ಸರಿ ಅಂದರು, 2,251 ಜನ ಬೇಡ ಅಂದರು. ಬರೀ 119 ಮತದ ಅಂತರ. ಎಲ್ಲ ಪಂಚಾಯಿತಿಗಳಲ್ಲೂ ಹೆಂಗಸರು ಮತ ಹಾಕುವಂತಾಗಲು 1986ರವರೆಗೆ ಕಾಯಬೇಕಾಯಿತು.

“ನೋಡಮ್ಮ, ಅವರಿಗೆ ಓಟು ಸಿಕ್ಕಿ ಮೂರು ವರ್ಷ ಆಗೋದ್ರೊಳಗೆ ನೀನಿಲ್ಲಿ ಗೆದ್ದು ಮೆಂಬರ್ ಆಗಿದ್ದೆ” ಅಂದೆವು. ಅಮ್ಮನಿಗೆ ಖುಷಿಯಾಗುತ್ತೆ ಅಂದುಕೊಂಡಿದ್ದೆವು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಕರ್ನಾಟಕ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತ್ತು. ದೇಶದಲ್ಲಿ ಬಹುಪಾಲು ಕಡೆ ಅಷ್ಟು ಇರಲಿಲ್ಲ. ಕ್ಲಾಸಿನಲ್ಲಿ ಇದನ್ನು ನಾವು ಹೆಮ್ಮೆಯಿಂದ ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು.

ಅಮ್ಮ ಎಲೆ ಅಡಿಕೆ ತಟ್ಟೆ ಪಕ್ಕಕ್ಕಿಟ್ಟರು.

“ಐದು ವರ್ಷ ಮೆಂಬರ್ ಆಗಿದ್ದೆ ಕಣ್ರೇ. ಒಂದು ಸಲಾನೂ ಬಾಯಿ ಬಿಡಲಿಲ್ಲ. ನಿಮ್ಮ ತಾತ ನನ್ನ ಪಕ್ಕ ಕೂರೋರು. ಎಲ್ಲಿ ರುಜು ಹಾಕ್ಬೇಕು ಅಂತ ಬೆರಳು ತೋರಿಸೋರು. ನಾನು ಹಾಕ್ತಿದ್ದೆ. ಕೆರೆ ಏರಿ ಮೇಲೆ ರಸ್ತೆ ಮಾಡ್ಬೇಕು ಅಂತ ಮನಸ್ಸಲ್ಲಿತ್ತು. ಹೇಳ್ಲಿಲ್ಲ.”

ನಾವು ಏನೂ ಮಾತಾಡಲಿಲ್ಲ. ತಾತ ಒಳ್ಳೆಯವರು, ನಮ್ಮನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದವರು. ಅಪ್ಪನೂ ಅಷ್ಟೇ. ಆದರೆ ಈ ಪ್ರವಾಸದ ಪ್ಲಾನು ಶುರುವಾದಾಗಿನಿಂದ ನಾವೂ ಅದೇ ಮಾಡ್ತಿದ್ದೆವು ಅನ್ನೋದು ಆಗ ತಲೆಗೆ ಹೋಯಿತು. ದಿನಾಂಕ ನಾವೇ ಗೊತ್ತು ಮಾಡಿದ್ದೆವು. ಹೋಟೆಲ್ ನಾವೇ ನೋಡಿದ್ದೆವು. ಅಮ್ಮ ಎಲ್ಲಿ ರುಜು ಹಾಕಬೇಕು ಅಂತ ಬೆರಳು ತೋರಿಸೋದಷ್ಟೇ ಬಾಕಿ ಇತ್ತು.

ಮಾರನೇ ದಿನ ನೋಟ್‌ಬುಕ್ಕು, ಪೆನ್ನು ಅಮ್ಮನ ಮುಂದೆ ಇಟ್ಟು ಮೊದಲಿಂದ ಶುರು ಮಾಡಿದೆವು.

ಖರ್ಚು ಮೊದಲು. ನಿಮ್ಮಲ್ಲಿ ಯಾರಿಗಾದರೂ ಉಪಯೋಗ ಆಗಬಹುದು ಅಂತ ಬರೀತಿದ್ದೇವೆ. ಲಿಕ್ಟೆನ್‌ಸ್ಟೈನ್‌ಗೆ ಬೇರೆ ವೀಸಾ ಇಲ್ಲ. ಅದು ಷೆಂಗೆನ್ ಒಕ್ಕೂಟದಲ್ಲಿದೆ, ಸ್ವಿಟ್ಜರ್ಲೆಂಡ್ ಮೂಲಕವೇ ವೀಸಾ ತಗೋಬೇಕು. ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಅರ್ಜಿ ಕೊಡಬಹುದು. ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ವೀಸಾ ಸಿಗದಿದ್ದರೆ ವಾಪಸ್ ಬರಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೇ ಪಕ್ಷ 15 ದಿನ ಮುಂಚೆ ಹಾಕಲೇಬೇಕು. ವೀಸಾ ಕೈಗೆ ಬರೋವರೆಗೆ ವಿಮಾನದ ಟಿಕೆಟ್‌ಗೆ ಪೂರ್ತಿ ದುಡ್ಡು ಕಟ್ಟಬೇಡಿ.

ಒಬ್ಬರಿಗೆ ದಿನಕ್ಕೆ ಸುಮಾರು 100 ಫ್ರಾಂಕ್ ಖರ್ಚು ಮಾಡೋ ಶಕ್ತಿ ಇದೆ ಅಂತ ತೋರಿಸಬೇಕು. ನಾವು ಮೂವರು, ಎಂಟು ದಿನ. 2,400 ಫ್ರಾಂಕ್. ಒಂದು ಫ್ರಾಂಕಿಗೆ ನೂರು ರೂಪಾಯಿಗೂ ಹೆಚ್ಚು. ಅಮ್ಮ ಲೆಕ್ಕ ಹಾಕಿ, “ಬರೀ ತೋರಿಸೋಕೆ ಇಷ್ಟಾ?” ಅಂದರು. ವಾಪಸ್ ಬಂದೇ ಬರ್ತೀವಿ ಅನ್ನೋದಕ್ಕೂ ಪುರಾವೆ ಕೇಳ್ತಾರೆ. ಅಮ್ಮನ ಹೆಸರಿನ ಪಹಣಿ, ಅದರ ಇಂಗ್ಲಿಷ್ ಅನುವಾದ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಒಂದು ಫೈಲಿಗೆ ಸೇರಿಸಿದೆವು. “ನೂರಿಪ್ಪತ್ತು ತೆಂಗಿನ ಮರ ಬಿಟ್ಟು ನಾನು ಅಲ್ಲೇ ಉಳ್ಕೊಳ್ತೀನಾ?” ಅನ್ನೋದು ಅಮ್ಮನ ಪ್ರಶ್ನೆ.

ಆಮೇಲೆ ದಿನಾಂಕ. ಜಗಳ ಆಗಿದ್ದು ಇಲ್ಲೇ.

ನಾವು ಆಗಸ್ಟ್ 15 ಅಂದೆವು. ಲಿಕ್ಟೆನ್‌ಸ್ಟೈನ್‌ನ ರಾಷ್ಟ್ರೀಯ ದಿನವೂ ಆಗಸ್ಟ್ 15. ಅವರದ್ದು ಸ್ವಾತಂತ್ರ್ಯದ ದಿನ ಅಲ್ಲ. ಮೇರಿ ಮಾತೆಯ ಹಬ್ಬ ಮತ್ತು ಹಿಂದಿನ ರಾಜನ ಹುಟ್ಟುಹಬ್ಬ, ಎರಡನ್ನೂ ಸೇರಿಸಿ 1940ರಿಂದ ಆಚರಿಸ್ತಾರೆ. ರಾಜಧಾನಿ ವಾಡೂಜ್‌ನ ಬೆಟ್ಟದ ಮೇಲೆ ರಾಜರ ಕೋಟೆ ಇದೆ. ರಾಜಮನೆತನ ಈಗಲೂ ಅಲ್ಲೇ ವಾಸ, ಬೇರೆ ದಿನ ಒಳಗೆ ಬಿಡಲ್ಲ. ಆ ಒಂದು ದಿನ ಕೋಟೆ ಪಕ್ಕದ ಹುಲ್ಲುಗಾವಲಿನಲ್ಲಿ ಸಮಾರಂಭ, ರಾತ್ರಿ ಪಟಾಕಿ. ಇಂಥ ದಿನ ಬಿಡೋದುಂಟೇ?

“ಆಗಸ್ಟ್ 15 ನಾನು ಶಾಲೆ ಹತ್ರ ಇರ್ಬೇಕು” ಅಂದರು ಅಮ್ಮ. ನಿಜ, ಬಾವುಟ ಹಾರಿಸೋ ಹೊತ್ತಿಗೆ ಅಮ್ಮ ಪ್ರತಿವರ್ಷ ಹೋಗಿ ಹಿಂದಿನ ಸಾಲಲ್ಲಿ ನಿಲ್ತಾರೆ. ಮಕ್ಕಳಿಗೆ ಹಂಚೋಕೆ ಬುಂದಿ ಲಾಡು ನಮ್ಮ ಮನೆಯದ್ದೇ. “ಒಂದು ವರ್ಷ ತಪ್ಪಿದ್ರೆ ಏನಾಗುತ್ತಮ್ಮ?” ಅಂದಿದ್ದಕ್ಕೆ, “ನನಗೆ ರಾಜನ ಮನೆ ಬೇಡ. ಬೇರೆ ಏನಿದೆ ಹೇಳ್ರಿ” ಅಂದರು.

ಬೇರೆ ಏನಿದೆ? ಸೆಪ್ಟೆಂಬರಿನಲ್ಲಿ ದನಗಳು ಬೆಟ್ಟ ಇಳಿಯುತ್ತವೆ ಅಂದೆವು.

ಬೇಸಿಗೆ ಬಂತೆಂದರೆ ಅಲ್ಲಿನ ರೈತರು ಜೂನ್ ಹೊತ್ತಿಗೆ ದನಗಳನ್ನು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊಡೀತಾರೆ. ಮೂರು ತಿಂಗಳು ಅಲ್ಲೇ ಮೇಯುತ್ತವೆ. ಚಳಿ ಶುರುವಾಗೋ ಮುಂಚೆ, ಸೆಪ್ಟೆಂಬರಿನಲ್ಲಿ, ಕೊರಳಿಗೆ ದೊಡ್ಡ ಗಂಟೆ ಕಟ್ಟಿ, ಹೂವು ಮುಡಿಸಿ ಊರಿಗೆ ಇಳಿಸ್ತಾರೆ. ಲಿಕ್ಟೆನ್‌ಸ್ಟೈನ್‌ನಲ್ಲಿ ಒಂದು ವಿಶೇಷ ಇದೆ. ಮರದಲ್ಲಿ ಹೃದಯದ ಆಕಾರ ಕೆತ್ತಿ, ಬಣ್ಣ ಬಳಿದು ಹಸುವಿನ ಹಣೆಗೆ ಕಟ್ತಾರೆ. ಹೆಚ್ಚು ಹಾಲು ಕೊಟ್ಟ ಹಸುವಿಗೆ ಆ ಗೌರವ. ಮನೆಗೆ ಬಂದ ಮೇಲೆ ಆ ಮರದ ಹೃದಯವನ್ನು ಕೊಟ್ಟಿಗೆಯ ಮೇಲೆ ಹೊಡೆದು ಇಡ್ತಾರೆ.

“ನಮ್ಮ ಸಂಕ್ರಾಂತಿ ತರಾನೇ” ಅಂದರು ಅಮ್ಮ. ನಮ್ಮ ಕಡೆ ಸಂಕ್ರಾಂತಿ ಸಂಜೆ ದನಗಳಿಗೆ ಬಣ್ಣ ಬಳಿದು ಕಿಚ್ಚು ಹಾಯಿಸ್ತಾರಲ್ಲ, ಅದು. ಅಪ್ಪ ಹೋದ ಮೇಲೆ ನಮ್ಮ ಮನೆ ದನಗಳಿಗೆ ಬಣ್ಣ ಬಳಿದಿಲ್ಲ.

ಓದಿದ ಇನ್ನೊಂದು ಮಾತನ್ನೂ ಹೇಳಿದೆವು. ಆ ಬೇಸಿಗೆಯಲ್ಲಿ ಬೆಟ್ಟದ ಮೇಲೆ ಏನಾದರೂ ಸಾವು ನೋವು ಆಗಿದ್ದರೆ, ಆಲ್ಪ್ಸ್‌ನ ಹಲವು ಕಡೆ ಆ ವರ್ಷ ದನಗಳಿಗೆ ಅಲಂಕಾರ ಮಾಡಲ್ಲ, ಸುಮ್ಮನೆ ಇಳಿಸಿಕೊಂಡು ಬರ್ತಾರೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ವರ್ಷ ಅಷ್ಟೇನಾ?” ಅಂತ ಕೇಳಿದರು. ಹೌದು, ಮುಂದಿನ ವರ್ಷ ಮತ್ತೆ ಮಾಡ್ತಾರೆ ಅಂದೆವು.

“ಸೆಪ್ಟೆಂಬರ್ ಬರ್ಕೊಳ್ರಿ” ಅಂದರು.

ಹಾಗೆ ಸೆಪ್ಟೆಂಬರ್ ಆಯಿತು. ದನ ಇಳಿಯೋ ದಿನ ಹವಾಮಾನ ನೋಡಿ ನಿಗದಿಯಾಗುತ್ತೆ, ಅದಕ್ಕೆ ಜಾಗ ಬಿಟ್ಟು ಲಿಕ್ಟೆನ್‌ಸ್ಟೈನ್‌ನಲ್ಲೇ ಮೂರು ರಾತ್ರಿ ಇಟ್ಟುಕೊಂಡೆವು. ಬಹಳ ಜನ ಬಸ್ಸಿನಲ್ಲಿ ಬಂದು, ವಾಡೂಜ್‌ನಲ್ಲಿ ದುಡ್ಡು ಕೊಟ್ಟು ಪಾಸ್‌ಪೋರ್ಟಿಗೆ ನೆನಪಿನ ಮುದ್ರೆ ಹಾಕಿಸಿಕೊಂಡು, ಎರಡು ಗಂಟೆಯಲ್ಲಿ ಹೊರಟುಬಿಡ್ತಾರೆ. ನಮ್ಮೂರನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಟೀ ಕುಡಿದು ಹೋದವನು ನೋಡಿದ ಹಾಗೆ ಅದು.

ನೋಟ್‌ಬುಕ್ಕಿನಲ್ಲಿ ಅಮ್ಮ ಬರೆಸಿದ್ದು ಹೀಗಿದೆ. ಮೊದಲ ದಿನ ಜ್ಯೂರಿಕ್‌ನಿಂದ ರೈಲಿನಲ್ಲಿ ಒಂದು ಗಂಟೆ ಸರ್ಗಾನ್ಸ್‌ವರೆಗೆ, ಅಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ ವಾಡೂಜ್‌ಗೆ. ಸಂಜೆ ರೈನ್ ನದಿಯ ಹಳೇ ಮರದ ಸೇತುವೆ. ಮೇಲೆ ಛಾವಣಿ ಇದೆ, ಉದ್ದ 135 ಮೀಟರ್. ಈ ತುದಿ ಲಿಕ್ಟೆನ್‌ಸ್ಟೈನ್, ಆ ತುದಿ ಸ್ವಿಟ್ಜರ್ಲೆಂಡ್, ನಡುವೆ ಗಡಿ. ತಡೆಯೋಕೆ ಯಾರೂ ಇರಲ್ಲ. ಅಷ್ಟು ದೂರ ಅಮ್ಮನ ಮಂಡಿ ತಡೆಯುತ್ತೆ.

ಎರಡನೇ ದಿನ ಬೆಟ್ಟ. ವಾಡೂಜ್‌ನಿಂದ ಟ್ರೀಸೆನ್‌ಬರ್ಗ್ ಮೇಲೆ ಮಾಲ್ಬುನ್‌ಗೆ ಬಸ್ಸಿದೆ. ಮಾಲ್ಬುನ್ ಸಮುದ್ರಮಟ್ಟದಿಂದ 1,600 ಮೀಟರ್ ಎತ್ತರ. ಅಲ್ಲಿಂದ ಕುರ್ಚಿಯಲ್ಲಿ ಕೂತು ತಂತಿ ಮೇಲೆ ಸಾರೈಸ್ ಅನ್ನೋ ದಿಬ್ಬಕ್ಕೆ ಹೋಗಬಹುದು. ಹತ್ತುವಂತಿಲ್ಲ, ಕೂತರೆ ಸಾಕು. ಊಟಕ್ಕೆ ಮೆಕ್ಕೆಜೋಳದ ರವೆಯನ್ನು ಬೆಣ್ಣೆಯಲ್ಲಿ ಹುರಿದು ಮಾಡೋ ರೀಬೆಲ್ ಅನ್ನೋ ತಿಂಡಿ ಇದೆ. “ಉಪ್ಪಿಟ್ಟು ಅನ್ರಿ” ಅಂತ ಅಮ್ಮ ಅದನ್ನು ಪಾಸು ಮಾಡಿದರು. ಆದರೂ ಬ್ಯಾಗಿನಲ್ಲಿ ಚಟ್ನಿಪುಡಿ ಇರುತ್ತೆ.

ಮೂರನೇ ದಿನಕ್ಕೆ ನಾವು ವಸ್ತುಸಂಗ್ರಹಾಲಯ ಅಂದಿದ್ದೆವು. ಅಮ್ಮ ಅದನ್ನು ಹೊಡೆದು ಹಾಕಿಸಿ ‘ಪಾರ್ಲಿಮೆಂಟ್’ ಅಂತ ಬರೆಸಿದರು. ವಾಡೂಜ್‌ನ ಪಾರ್ಲಿಮೆಂಟ್ ಕಟ್ಟಡ 2008ರಲ್ಲಿ ಆದದ್ದು. ಗೋಡೆಯಿಂದ ಛಾವಣಿವರೆಗೆ ಇಟ್ಟಿಗೆ. ಸದಸ್ಯರು 25 ಜನ ಮಾತ್ರ. ಮೊದಲ ಮಹಿಳಾ ಸದಸ್ಯೆ ಎಮ್ಮಾ ಐಗೆನ್‌ಮನ್ ಆಯ್ಕೆಯಾಗಿದ್ದು 1986ರಲ್ಲಿ, ನಮ್ಮಮ್ಮ ಗೆಲ್ಲೋದಕ್ಕೆ ಸ್ವಲ್ಪ ಮುಂಚೆ. 2025ರ ಏಪ್ರಿಲ್‌ನಿಂದ ಬ್ರಿಗಿಟ್ ಹಾಸ್ ಅಲ್ಲಿನ ಪ್ರಧಾನಿ, ಆ ಹುದ್ದೆಗೆ ಬಂದ ಮೊದಲ ಹೆಂಗಸು.

“ಒಳಗೆ ಬಿಡದಿದ್ರೆ?” ಅಂದೆವು.

“ಹೊರಗೆ ನಿಂತು ನೋಡ್ತೀನಿ.”

ಹೋದ ವಾರ ವೀಸಾ ಅರ್ಜಿ ತುಂಬಿಸೋಕೆ ಪೇಟೆಗೆ ಹೋಗಿದ್ದೆವು. ಕಂಪ್ಯೂಟರ್ ಮುಂದಿದ್ದ ಹುಡುಗ ಉದ್ಯೋಗದ ಕಾಲಂನಲ್ಲಿ ಕೇಳದೇನೇ ‘ಹೌಸ್‌ವೈಫ್’ ಅಂತ ಟೈಪ್ ಮಾಡಿದ. ನಾವು ಬಾಯಿ ತೆಗೆಯೋ ಮುಂಚೆ ಅಮ್ಮ, “ಅಳಿಸಪ್ಪ ಅದನ್ನ. ರೈತರು ಅಂತ ಹಾಕು. ಪಹಣಿ ಇದೆ ನೋಡು” ಅಂದರು. ಅವನು ನಮ್ಮ ಮುಖ ನೋಡಿದ. ನಾವು ಅಮ್ಮನ ಕಡೆ ನೋಡಿದೆವು. ಅಳಿಸಿ, ಹೊಸದಾಗಿ ಟೈಪ್ ಮಾಡಿ, ಪ್ರಿಂಟ್ ತೆಗೆದುಕೊಟ್ಟ.

ಅಮ್ಮ ಕನ್ನಡಕ ಹಾಕಿಕೊಂಡು, ರುಜು ಮಾಡೋ ಜಾಗವನ್ನು ತಾವೇ ಹುಡುಕಿ, ಕನ್ನಡದಲ್ಲಿ ರುಜು ಹಾಕಿದರು.

ವೀಸಾ ಬರುತ್ತೋ ಇಲ್ಲವೋ ಇನ್ನೂ ಗೊತ್ತಿಲ್ಲ. ವಾಪಸ್ ಬರ್ತಾ ಬಸ್ಸು ಕೆರೆ ಏರಿ ಹತ್ತಿರ ನಿಧಾನ ಆಯಿತು. ಅಲ್ಲಿ ಈಗಲೂ ರಸ್ತೆ ಇಲ್ಲ, ಮಣ್ಣಿನ ಹಾದಿ. ಈ ಸಲದ ಗ್ರಾಮಸಭೆ ಯಾವತ್ತು ಅಂತ ಅಮ್ಮ ಕೇಳಿದರು.