ಇಲ್ಲೇ ಹೋಗಿ ಬರ್ತೀನಿ

ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಬಸವನಗುಡಿಯ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಯಾವ ಕಾಲೇಜು? ಯಾವ ಗಾಡಿ? ಮೊದಲನೆಯದನ್ನು ಅಪ್ಪ-ಅಮ್ಮ ಕೇಳುತ್ತಾರೆ, ಎರಡನೆಯದನ್ನು ಮಗ. ಮೊದಲನೆಯದಕ್ಕೆ ಅಂಕಪಟ್ಟಿಯೇ ಉತ್ತರ ಹೇಳಿಬಿಡುತ್ತದೆ. ಎರಡನೆಯದಕ್ಕೆ ಮಾತ್ರ ಮನೆಮಂದಿಯೆಲ್ಲ ಸೇರಿ ಜಗಳವಾಡಬೇಕಾಗುತ್ತದೆ.

ಗಾಂಧಿಬಜಾರಿಗೆ ಹತ್ತಿರದ ಒಂದು ಮನೆಯಲ್ಲೂ ಹಾಗೆಯೇ ಆಯಿತು. ಹದಿನೆಂಟು ತುಂಬಿದ ಹುಡುಗನ ಕಣ್ಣು 200 ಸಿಸಿಯ ಬೈಕೊಂದರ ಮೇಲಿತ್ತು. ಅಪ್ಪನ ಪಾಲಿಗೆ ಬೈಕೆಂದರೆ ತಾವು ಯೌವನದಲ್ಲಿ ಓಡಿಸಿದ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕುಗಳು ಹೊರಬರುತ್ತಿದ್ದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಅದರಲ್ಲಿ ಒಂದೇ ಲಿವರ್. "ಅದನ್ನ ಓಡಿಸಿದೋನು ಏನನ್ನ ಬೇಕಾದ್ರೂ ಓಡಿಸ್ತಾನೆ" ಎಂದು ಅಪ್ಪ ಹೇಳಿದರೆ, ಅಮ್ಮನ ವಾದ ಇನ್ನೂ ಚಿಕ್ಕದು. "ಬಸ್ಸಿದೆ, ಮೆಟ್ರೋ ಇದೆ. ಗಾಡಿ ಬೇಡ."

ಅಮ್ಮನ ಹಟಕ್ಕೆ ಕಾರಣವಿತ್ತು. 1998ರಲ್ಲಿ ಮಲ್ಲೇಶ್ವರದ ತವರುಮನೆಯಿಂದ ಆಕೆಯ ತಮ್ಮ ಎಂಟನೇ ಕ್ರಾಸಿಗೆ ಹೂವು ತರಲು ಹೊರಟಿದ್ದ. "ಇಲ್ಲೇ ಹೋಗಿ ಬರ್ತೀನಿ" ಎಂದು ಹೆಲ್ಮೆಟನ್ನು ಕನ್ನಡಿಗೆ ನೇತುಹಾಕಿಕೊಂಡೇ ಹೋದ. ವೇಗ ಮೂವತ್ತನ್ನು ದಾಟಿರಲಿಲ್ಲ. ದನವೊಂದು ಅಡ್ಡ ಬಂತು. ತಲೆಗೆ ಬಿದ್ದ ಪೆಟ್ಟಿನಿಂದ ಕಾಲೇಜಿನ ಒಂದು ವರ್ಷ ಹೋಯಿತು. ಮೂಗಿನ ವಾಸನೆ ಶಾಶ್ವತವಾಗಿ ಹೋಯಿತು. ಮಲ್ಲಿಗೆಯೂ ಒಂದೇ, ಸುಡುತ್ತಿರುವ ಒಗ್ಗರಣೆಯೂ ಒಂದೇ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಮೂಗಿನಿಂದ ಮೆದುಳಿಗೆ ಹೋಗುವ ಸೂಕ್ಷ್ಮ ನರಗಳು ತುಂಡಾಗುವುದುಂಟು.

ಮನೆಯ ವ್ಯಾಜ್ಯಕ್ಕೆ ಕೊನೆಗೆ ಆ ಸೋದರಮಾವನನ್ನೇ ನ್ಯಾಯಾಧೀಶನನ್ನಾಗಿ ಕರೆಸಿದರು. ಬೇಡವೆಂದೇ ಹೇಳುತ್ತಾನೆಂದು ಅಕ್ಕ ನಂಬಿದ್ದಳು. ಅವನು ಹಾಗೆ ಹೇಳಲಿಲ್ಲ. "ಇವತ್ತು ಬೇಡ ಅಂದ್ರೆ ನಾಳೆ ಸ್ನೇಹಿತನ ಗಾಡಿ ಓಡಿಸ್ತಾನೆ ಅಕ್ಕಾ. ಸರಿಯಾಗಿ ಕಲೀಲಿ" ಎಂದ. ಅಳಿಯನನ್ನು ಕರೆದುಕೊಂಡು ಷೋರೂಮಿಗೆ ಹೊರಟ.

ಅಲ್ಲಿ ಅವನು ಸಿಸಿಯನ್ನಾಗಲಿ ಮೈಲೇಜನ್ನಾಗಲಿ ಮೊದಲು ಕೇಳಲಿಲ್ಲ. "ಕೂತ್ಕೋ" ಎಂದ. ಕೂತಾಗ ಎರಡೂ ಪಾದಗಳು ನೆಲಕ್ಕೆ ಚೆನ್ನಾಗಿ ಊರಬೇಕು. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. "ಇಳಿದು ತಳ್ಳು" ಎಂದ. 125 ಸಿಸಿಯ ಸಾಧಾರಣ ಬೈಕು ಸುಮಾರು 120 ಕಿಲೋ ತೂಗುತ್ತದೆ. 350 ಸಿಸಿಯ ಬುಲೆಟ್ ಬಹುಮಟ್ಟಿಗೆ 195. ವಾಲಿದ ಗಾಡಿಯನ್ನು ಹಿಡಿದು ನೆಟ್ಟಗೆ ಮಾಡಲಾಗದವನಿಗೆ ಅದು ಮೊದಲ ಗಾಡಿಯಲ್ಲ. ಮೂರನೆಯದು ಬ್ರೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಚಕ್ರ ಪೂರ್ತಿ ಬಿಗಿದು ಜಾರುವುದನ್ನು ಅದು ತಡೆಯುತ್ತದೆ. ಅದಕ್ಕಿಂತ ಚಿಕ್ಕವಕ್ಕೆ ಕಡೇಪಕ್ಷ, ಒಂದು ಬ್ರೇಕು ಒತ್ತಿದರೆ ಎರಡೂ ಚಕ್ರ ಹಿಡಿಯುವ ಸಿಬಿಎಸ್ ಇರಬೇಕೆಂದಾಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಾಡಿ ಯಾವ ವರ್ಷದ್ದೆಂದು ನೋಡುವುದು ಇದಕ್ಕೂ ಮುಖ್ಯ. ಆರ್.ಸಿ. ಪುಸ್ತಕದ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಗಾಡಿಯ ಮೇಲಿರುವುದಕ್ಕೆ ಹೊಂದುತ್ತವೆಯೇ, ಹಳೆಯ ಸಾಲ ತೀರಿದೆಯೇ, ವಿಮೆ ಇದೆಯೇ ಎಂದೂ ನೋಡಬೇಕು.

ಹುಡುಗ ಮುಖ ಊದಿಸಿಕೊಂಡ. "ಮಾವ, 125 ಸಿಸಿ ಅಂದ್ರೆ ಎಳೆಯೋದೇ ಇಲ್ಲ." ಮಾವ ಜೇಬಿನಿಂದ ಪೆನ್ನು ತೆಗೆದು ಕರಪತ್ರದ ಹಿಂಬದಿಯಲ್ಲಿ ಲೆಕ್ಕ ಬರೆದ. ಪಿ.ಯು.ಸಿ.ಯ ಭೌತಶಾಸ್ತ್ರವೇ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. ಗಂಟೆಗೆ 30 ಕಿ.ಮೀ. ವೇಗದಲ್ಲಿರುವವನು ಅಪಾಯ ಕಂಡು ಬ್ರೇಕಿಗೆ ಕೈ ಹಾಕಲು ಒಂದು ಸೆಕೆಂಡ್ ಹಿಡಿದರೆ, ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನಿಂದ ನಿಲ್ಲಲು ಒಟ್ಟು 15 ಮೀಟರ್ ಬೇಕು. 60 ಕಿ.ಮೀ. ವೇಗದಲ್ಲಿ 30 ಮೀಟರ್ ಸಾಲದು, ಸುಮಾರು 45 ಬೇಕು. ಇನ್ನೊಂದು ಲೆಕ್ಕ: 30 ಕಿ.ಮೀ. ವೇಗ ಅಂದರೆ ಮೂರೂವರೆ ಮೀಟರ್ ಎತ್ತರದ ತಾರಸಿಯಿಂದ ಬಿದ್ದವನು ನೆಲ ಮುಟ್ಟುವಾಗಿನ ವೇಗ. 60 ಅಂದರೆ ಹದಿನಾಲ್ಕು ಮೀಟರ್, ನಾಲ್ಕು ಮಹಡಿಯ ಎತ್ತರ. "ನಾನು ಬಿದ್ದದ್ದು ತಾರಸಿಯಿಂದ ಕಣೋ" ಎಂದ ಮಾವ.

ಕಡೆಗೆ ಮುಂದೆ ಡಿಸ್ಕ್ ಬ್ರೇಕಿರುವ 125 ಸಿಸಿ ಗಾಡಿ ನಿಶ್ಚಯವಾಯಿತು. ಆದರೆ ಗಾಡಿಗಿಂತ ಮುಂಚೆ ಮನೆಗೆ ಬಂದದ್ದು ಹೆಲ್ಮೆಟ್. ಕಿವಿಯ ಮೇಲೆ ಕೂರುವ ಟೋಪಿಯಂಥದ್ದಲ್ಲ. ಐಎಸ್‌ಐ ಗುರುತಿನ, ಗಲ್ಲವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್. ಹಾಕಿಕೊಂಡಾಗ ಕೆನ್ನೆ ಸ್ವಲ್ಪ ಒತ್ತಬೇಕು, ತಲೆ ಅಲ್ಲಾಡಿಸಿದರೆ ಅದು ಬೇರೆಯಾಗಿ ತಿರುಗಬಾರದು. ಜೋರಾಗಿ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಒಳಗಿನ ಥರ್ಮೋಕೋಲ್ ಪದರ ಕುಸಿದು ತಲೆಗೆ ಮಾಡುವ ಉಪಕಾರವೂ ಅದೇ. ಒಮ್ಮೆ ಜಜ್ಜಿದ ಪದರ ಮತ್ತೆ ಕೆಲಸಕ್ಕೆ ಬಾರದು. ಪಟ್ಟಿ ಬಿಗಿಯದಿದ್ದರೆ ಪೆಟ್ಟಿಗೆ ಮೊದಲೇ ಹೆಲ್ಮೆಟ್ ಹಾರಿಹೋಗುತ್ತದೆ.

ಎಲ್‌ಎಲ್‌ಆರ್ ಆಯಿತು. ಅದರ ಅವಧಿ ಆರು ತಿಂಗಳು. 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಎಲ್ ಬೋರ್ಡ್. ಲೈಸೆನ್ಸ್ ಇದ್ದು ಕಲಿಸುವವರನ್ನು ಬಿಟ್ಟರೆ ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ತಂದೆತಾಯಿಗಳು ನೆನಪಿಡಬೇಕಾದ ಮಾತೊಂದಿದೆ. ಹದಿನೆಂಟು ತುಂಬದವರಿಗೆ ಗಾಡಿ ಕೊಟ್ಟು ಅವರು ಅಪರಾಧವೆಸಗಿದರೆ, 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಮಗುವಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ.

ಮಾವನ ಪಾಠ ಮೂರು ಪೇಟೆಗಳಲ್ಲಿ ನಡೆಯಿತು. ಮೊದಲ ವಾರಗಳು ಬಸವನಗುಡಿಯ ಒಳರಸ್ತೆಗಳಲ್ಲಿ, ಬೆಳಗ್ಗೆ ಆರಕ್ಕೆ. ಓಡಿಸುವುದಲ್ಲ, ನಿಲ್ಲಿಸುವುದು. ಹೊಸಬರು ಮುಂದಿನ ಬ್ರೇಕಿಗೆ ಹೆದರುತ್ತಾರೆ. ಗಾಡಿ ನಿಧಾನವಾಗುವಾಗ ಭಾರ ಮುಂದಿನ ಚಕ್ರಕ್ಕೆ ಸರಿಯುವುದರಿಂದ ಹೆಚ್ಚು ಹಿಡಿಯುವುದು ಅದೇ. ಎರಡನ್ನೂ ಒಟ್ಟಿಗೆ, ಹಿಂಡಿದ ಹಾಗೆ ಒತ್ತಬೇಕು, ತಿರುವಿಗೆ ಮೊದಲೇ ಒತ್ತಬೇಕು. ಹೊಂಗೆಯ ಹೂವು ಹಾಸಿದ ರಸ್ತೆ, ಮೊದಲ ಮಳೆಗೆ ಎಣ್ಣೆ ಮೇಲೆದ್ದ ರಸ್ತೆ, ಕಡಲೆಕಾಯಿ ಪರಿಷೆಯ ಸಿಪ್ಪೆ ಬಿದ್ದ ಬುಲ್ ಟೆಂಪಲ್ ರಸ್ತೆ, ಎಲ್ಲವೂ ಜಾರುತ್ತವೆ. ಆಮೇಲೆ ಚಾಮರಾಜಪೇಟೆ. ಅಲ್ಲಿ ಹೆಜ್ಜೆಗೊಂದು ಕ್ರಾಸು. ಪ್ರತಿ ಮೂಲೆಯಿಂದಲೂ ಮಾರ್ಕೆಟ್ಟಿಗೆ ಹೋಗುವ ಆಟೋ ನುಗ್ಗಬಹುದೆಂದು ಭಾವಿಸಿಯೇ ಸಾಗಬೇಕು. ಕೊನೆಗೆ ಸಂಜೆಯ ಮಲ್ಲೇಶ್ವರ. ಜನ, ಹೂವಿನ ಬುಟ್ಟಿ, ನಿಂತ ಕಾರಿನಿಂದ ಥಟ್ಟನೆ ತೆರೆಯುವ ಬಾಗಿಲು.

ಎಂಟನೇ ಕ್ರಾಸಿನ ಮೂಲೆಯಲ್ಲಿ ಹಿಂದೆ ಕೂತಿದ್ದ ಮಾವ "ನಿಲ್ಸು" ಎಂದ. ಇಳಿದು ಅಕ್ಕನಿಗೆ ಎರಡು ಮೊಳ ಮಲ್ಲಿಗೆ ಕೊಂಡ. ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದು, ನಕ್ಕು, ಅಳಿಯನ ಕೈಗಿತ್ತ. "ಒಂದೇ ನಿಯಮ ಇಟ್ಕೋ. ಹೆಲ್ಮೆಟ್ ಹಾಕುವಷ್ಟು ದೂರ ಅಲ್ಲ ಅನ್ಸಿದ್ರೆ, ಗಾಡಿ ತೆಗೆಯುವಷ್ಟೂ ದೂರ ಅಲ್ಲ."

ಹುಡುಗನಿಗೆ ಈಗ ಲೈಸೆನ್ಸ್ ಬಂದಿದೆ. ಅಮ್ಮ ತನಗೂ ಒಂದು ಹೆಲ್ಮೆಟ್ ತರಿಸಿಕೊಂಡಿದ್ದಾಳೆ. ತಮ್ಮನ ಮನೆಗೆ ಮಗನ ಹಿಂದೆ ಕೂತು ಹೋಗುತ್ತಾಳೆ, ಕಣ್ಣು ಮಾತ್ರ ಸ್ಪೀಡೋಮೀಟರಿನ ಮೇಲೆ. ಗಾಂಧಿಬಜಾರಿನಿಂದ ಕೊತ್ತಂಬರಿ ಸೊಪ್ಪು ಬೇಕೆಂದರೆ ಮಗ ಚೀಲ ಹಿಡಿದು ನಡೆದುಕೊಂಡೇ ಹೋಗುತ್ತಾನೆ. ಪೆಟ್ರೋಲಿನ ದರ ನೋಡಿದ ಅಪ್ಪನಿಗೂ ಅದು ಒಪ್ಪಿಗೆಯಾಗಿದೆ.