ಸೇಡಿನ ಕಥೆಗೆ ಅಂಕ ಕೊಡುವುದು ಹೇಗೆ?

ಮೂವತ್ತು ವರ್ಷಗಳಿಗೂ ಮಿಕ್ಕಿ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ ಮೌಲ್ಯಮಾಪನವೆಂಬುದು ಹೊಸ ಕೆಲಸವೇನಲ್ಲ. ಎಸ್.ಎಸ್.ಎಲ್.ಸಿ. ಮೌಲ್ಯಮಾಪನ ಕೇಂದ್ರದಲ್ಲಿ ಮಾದರಿ ಉತ್ತರಗಳ ಹಾಳೆಯನ್ನು ಎಡಗಡೆಗೆ ಇಟ್ಟುಕೊಂಡು, ಕೆಂಪು ಪೆನ್ನು ಹಿಡಿದು ಕುಳಿತರೆ, ಯಾವ ಅಂಶಕ್ಕೆ ಅರ್ಧ ಅಂಕ, ಯಾವುದಕ್ಕೆ ಒಂದು ಅಂಕ ಎಂಬುದು ಮೊದಲೇ ನಿಶ್ಚಯವಾಗಿರುತ್ತಿತ್ತು. ಆದರೆ ಚಲನಚಿತ್ರವೊಂದರ ಮೊದಲ ಎರಡು ನಿಮಿಷಗಳಿಗೆ ಅಂಕ ಕೊಡಿ ಎಂದರೆ ಅದಕ್ಕೆ ಮಾದರಿ ಉತ್ತರವನ್ನು ಎಲ್ಲಿಂದ ತರುವುದು? ಅದರಲ್ಲೂ ಆ ಚಿತ್ರ ಸೇಡಿನ ಕಥೆಯಾಗಿದ್ದರೆ?

ನಾನು ಬಿ.ಎಡ್. ಓದುವಾಗ ಬ್ಲೂಮ್ ಪಂಡಿತರು 1956ರಲ್ಲಿ ಪ್ರಕಟಿಸಿದ ಬೋಧನಾ ಉದ್ದೇಶಗಳ ಏಣಿಯನ್ನು ಬಾಯಿಪಾಠ ಮಾಡಿದ್ದೆವು. ಜ್ಞಾನದಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಏರಿದರೆ ತುತ್ತತುದಿಯಲ್ಲಿ ಇದ್ದದ್ದು ಮೌಲ್ಯಮಾಪನ. 2001ರಲ್ಲಿ ಆ ಏಣಿಯನ್ನು ಪರಿಷ್ಕರಿಸಿದಾಗ ಸೃಷ್ಟಿಸುವುದನ್ನು ಎಲ್ಲಕ್ಕಿಂತ ಮೇಲಿಟ್ಟು, ಮೌಲ್ಯಮಾಪನವನ್ನು ಒಂದು ಮೆಟ್ಟಿಲು ಕೆಳಗಿಳಿಸಿದರು. ಹಾಗಾಗಿ ನಮ್ಮ ಗಂಗಾನಗರದ ಬೀದಿಯ ನಾಲ್ವರು ಮಕ್ಕಳು, ಮೂವರು ಹುಡುಗರು ಮತ್ತು ಒಬ್ಬಳು ಹುಡುಗಿ, ತಾವು ತೆಗೆದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತು ತಂದು "ಸರ್, ನೀವೇ ಮಾರ್ಕ್ಸ್ ಹಾಕಬೇಕು" ಎಂದಾಗ, ಅವರು ನನಗಿಂತ ಒಂದು ಮೆಟ್ಟಿಲು ಮೇಲೆ ನಿಂತಿದ್ದಾರೆಂಬ ಅರಿವಿನೊಡನೆಯೇ ಕನ್ನಡಕ ಒರೆಸಿಕೊಂಡೆ.

ಕೇಂಬ್ರಿಜ್ ಪಠ್ಯಕ್ರಮದಲ್ಲಿ ಮಾಧ್ಯಮ ಅಧ್ಯಯನವೆಂಬ ವಿಷಯವುಂಟು. ಹೊಸ ಕಥಾಚಿತ್ರವೊಂದರ ಶೀರ್ಷಿಕೆಗಳನ್ನೂ ಆರಂಭವನ್ನೂ ಎರಡು ನಿಮಿಷ ಮೀರದಂತೆ ತೆಗೆಯುವುದು ಅದರಲ್ಲಿ ಬರುವ ಒಂದು ಅಭ್ಯಾಸ. ಕಥೆ ಮುಗಿಯಬೇಕಾಗಿಲ್ಲ, ಮುಂದೆ ಇಂಥ ಕಥೆ ಬರಲಿದೆ ಎಂಬ ನಂಬಿಕೆ ನೋಡುವವರಲ್ಲಿ ಹುಟ್ಟಿದರೆ ಸಾಕು. ಬಳಿಕ ತಮ್ಮ ಕೃತಿಯನ್ನು ತಾವೇ ವಿಮರ್ಶಿಸಬೇಕು. ನಮ್ಮ ಕಾಲದಲ್ಲಿ ಪ್ರಬಂಧ ಬರೆಸುತ್ತಿದ್ದೆವೇ ಹೊರತು, ಬರೆದವನಿಂದಲೇ ಆ ಪ್ರಬಂಧದ ವಿಮರ್ಶೆ ಬರೆಸುತ್ತಿರಲಿಲ್ಲ. ಇದು ಒಳ್ಳೆಯ ಪದ್ಧತಿಯೆಂದೇ ನನಗೆ ತೋರಿತು.

ಚಿತ್ರದ ಹೆಸರು 'ದ ಲಾಸ್ಟ್ ರಿವೆಂಜ್'. ಕತ್ತಲೆಯ ಕೋಣೆ, ಗೋಡೆಯ ಮೇಲೆ ನಾಲ್ಕು ಫೋಟೋಗಳು, ಅವುಗಳ ನಡುವೆ ಎಳೆದ ಕೆಂಪು ದಾರ. ತಲೆಯವರೆಗೆ ಮುಚ್ಚುವ ದಪ್ಪ ಕಪ್ಪು ಅಂಗಿ ತೊಟ್ಟ ಒಬ್ಬಾತ ಕತ್ತಿ ಮಸೆಯುತ್ತಾನೆ. ಗಡಿಯಾರದ ಟಿಕ್ ಟಿಕ್. ಎಲ್ಲೋ ಒಂದು ಕಿರುಚಾಟ. ನೆಲದ ಮೇಲೆ ರಕ್ತ; ಅದು ಟೊಮೆಟೊ ಸಾಸೆಂದು ಕೇಳದೆಯೇ ತಿಳಿಯಿತು. ಆತ ಒಂದೊಂದೇ ಫೋಟೋಕ್ಕೆ ಕೆಂಪು ಮಾರ್ಕರಿನಲ್ಲಿ ಅಡ್ಡಗೀಟು ಹಾಕುತ್ತಾನೆ. ನಾಲ್ಕನೆಯದಕ್ಕೆ ಗೀಟು ಬಿದ್ದೊಡನೆ ಶೀರ್ಷಿಕೆ.

ಕ್ಯಾಮೆರಾ ಅಲುಗಿರಲಿಲ್ಲ, ಬೆಳಕನ್ನು ಒಂದೇ ಟೇಬಲ್ ಲ್ಯಾಂಪಿನಿಂದ ಜಾಣತನದಲ್ಲಿ ತಂದಿದ್ದರು. ಫೋನಿನಲ್ಲಿ ಇಷ್ಟನ್ನು ಸಾಧಿಸಿದ್ದಕ್ಕೆ ಬೆನ್ನು ತಟ್ಟಿದೆ. ಆದರೆ ಏಪ್ರಿಲ್ ತಿಂಗಳ ಬೆಂಗಳೂರಿನ ಸೆಖೆಯಲ್ಲಿ ಆ ದಪ್ಪ ಅಂಗಿಯನ್ನು ಯಾರು ತೊಡುತ್ತಾರೆ? ಬಳ್ಳಾರಿ ರಸ್ತೆಯ ಹಾರ್ನುಗಳ ಸದ್ದು ಹಿನ್ನೆಲೆಯಲ್ಲಿ ನುಸುಳದಿದ್ದರೆ, ಈ ಕೋಣೆ ಗಂಗಾನಗರದಲ್ಲಿದೆಯೋ ನ್ಯೂಯಾರ್ಕಿನಲ್ಲಿದೆಯೋ ಹೇಳುವಂತಿರಲಿಲ್ಲ. ಎರಡು ನಿಮಿಷ ನೋಡಿದ ಮೇಲೂ ಆತ ಏನನ್ನು ಕಳೆದುಕೊಂಡನೆಂಬುದು ನನಗೆ ತಿಳಿಯಲಿಲ್ಲ. ಕತ್ತಿಯನ್ನು ಕಂಡೆ, ಗಾಯವನ್ನು ಕಾಣಲಿಲ್ಲ.

"ಥ್ರಿಲ್ಲರ್ ಅಂದ್ರೆ ಎಲ್ಲ ಮೊದಲೇ ಹೇಳಬಾರದಲ್ವಾ ಸರ್?" ಎಂದಳು ನಿರ್ದೇಶಕಿಯಾದ ಹುಡುಗಿ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನಾನು 'ಶೋಲೆ'ಯ ಉದಾಹರಣೆ ಕೊಟ್ಟೆ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ಆ ಚಿತ್ರವೂ ಮೂಲತಃ ಸೇಡಿನ ಕಥೆಯೇ. ಆರಂಭದಲ್ಲಿ ರೈಲೊಂದು ನಿಲ್ದಾಣಕ್ಕೆ ಬರುತ್ತದೆ. ಇಳಿದ ಪೊಲೀಸ್ ಅಧಿಕಾರಿಯನ್ನು ಠಾಕೂರನ ಸೇವಕ ಕುದುರೆಯ ಮೇಲೆ ಕರೆದೊಯ್ಯುತ್ತಾನೆ. ಠಾಕೂರ್ ಹೆಗಲಿಗೆ ಶಾಲು ಹೊದ್ದಿರುತ್ತಾನೆ, ಅಷ್ಟೇ. ಆ ಶಾಲಿನ ಕೆಳಗೆ ಕೈಗಳಿಲ್ಲವೆಂಬುದು ತಿಳಿಯಲು ಅರ್ಧ ಚಿತ್ರ ಕಳೆಯಬೇಕು. ಆದರೆ ಶಾಲು ಮೊದಲಿನಿಂದಲೂ ನಮ್ಮ ಕಣ್ಣೆದುರಿಗೇ ಇತ್ತು! ನಿರ್ದೇಶಕ ರಮೇಶ್ ಸಿಪ್ಪಿ ಗಾಯವನ್ನು ಬಚ್ಚಿಟ್ಟರು, ಇಲ್ಲವಾಗಿಸಲಿಲ್ಲ. ಬಚ್ಚಿಡಬೇಕಾದರೆ ಮೊದಲು ಬಚ್ಚಿಡುವುದಕ್ಕೆ ಏನಾದರೂ ಇರಬೇಕಲ್ಲವೆ?

ಅವರ ಪೀಳಿಗೆಯ ಚಿತ್ರವೊಂದನ್ನೂ ನೆನಪಿಸಿದೆ. ಪವನ್ ಕುಮಾರ್ ನಿರ್ದೇಶನದ 'ಯೂ ಟರ್ನ್' 2016ರಲ್ಲಿ ಬಂತು. ನಮ್ಮದೇ ಊರಿನ ಮೇಲ್ಸೇತುವೆಯೊಂದರ ಮೇಲೆ, ರಸ್ತೆಯ ನಡುವಿನ ಕಲ್ಲನ್ನು ಸರಿಸಿ ಗಾಡಿ ತಿರುಗಿಸಿಕೊಂಡು ಹೋಗುವವರ ಕಥೆ. ಅಲ್ಲಿನ ಸೇಡಿನ ಬೇರು ಇರುವುದು ಯಾವ ಭೂಗತ ಪಾತಕಿಯಲ್ಲೂ ಅಲ್ಲ. ಸರಿಸಿ ಹಾಗೆಯೇ ಬಿಟ್ಟುಹೋದ ಒಂದು ಕಲ್ಲಿನಲ್ಲಿ. ಹೆಬ್ಬಾಳದ ಮೇಲ್ಸೇತುವೆಯನ್ನು ದಿನವೂ ಹತ್ತಿ ಇಳಿಯುವ ನಮಗೆ ಅಂಥ ಕಲ್ಲಿನ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಹೆಬ್ಬಾಳವೆಂದಾಗ ಮತ್ತೊಂದು ಕಲ್ಲು ನೆನಪಾಗುತ್ತದೆ. 2018ರಲ್ಲಿ ಅಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾದ ಶಾಸನವು ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳ ಸಾಲಿಗೆ ಸೇರಿದೆ. ಗಂಗರ ಶ್ರೀಪುರುಷನ ಕಾಲದಲ್ಲಿ ರಾಷ್ಟ್ರಕೂಟರ ದಾಳಿಯನ್ನು ಎದುರಿಸಿ ಮಡಿದ ಕಿಟ್ಟಯ್ಯನೆಂಬ ವೀರನ ಸ್ಮಾರಕ ಅದು. ವೀರಗಲ್ಲುಗಳನ್ನು ನೀವು ಊರೂರುಗಳಲ್ಲಿ ನೋಡಿದ್ದೀರಿ. ಎಷ್ಟೋ ಕಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ ಇರುತ್ತವೆ. ಇಂದಿನ ಚಿತ್ರ ನಿರ್ದೇಶಕರು ಚಿತ್ರೀಕರಣಕ್ಕೆ ಮುನ್ನ ಕಾಗದದ ಮೇಲೆ ಬರೆದುಕೊಳ್ಳುವ ಚೌಕಗಳಂತೆಯೇ ಅವು. ಊರಿನ ಜನ ಆ ಚೌಕಗಳಲ್ಲಿ ಉಳಿಸಿಕೊಳ್ಳಬಯಸಿದ್ದು ತಾವು ಕಳೆದುಕೊಂಡವನನ್ನು. ಮಕ್ಕಳಿಗೆ ಇಷ್ಟನ್ನು ಹೇಳಿ, ಚಿತ್ರವನ್ನು ಇನ್ನೊಮ್ಮೆ ಹಾಕಲು ತಿಳಿಸಿದೆ. ಎರಡನೆಯ ಸಲ ನೋಡುವಾಗ ಗೋಡೆಯ ಮೇಲಿನ ಫೋಟೋಗಳ ಕಡೆಗೆ ಗಮನ ಹೋಯಿತು.

"ಇವುಗಳಲ್ಲಿ ಮೂರು ನಿಮ್ಮವೇ. ನಾಲ್ಕನೆಯವನು ಯಾರು?" ಎಂದು ಕೇಳಿದೆ.

"ನಮ್ಮ ಕ್ಲಾಸಿನವನು ಸರ್."

"ತನ್ನ ಫೋಟೋ ಇಲ್ಲಿದೆಯೆಂದು ಅವನಿಗೆ ಗೊತ್ತೆ?"

ಮೂವರು ತಲೆ ತಗ್ಗಿಸಿದರು. ಕಥೆ ಬರೆದ ಹುಡುಗ ಮಾತ್ರ ನನ್ನನ್ನೇ ನೋಡುತ್ತ, "ಗೊತ್ತಾಗ್ಲಿ ಅಂತಾನೇ ಹಾಕಿದ್ದು ಸರ್" ಎಂದ.

ಅಲ್ಲಿಗೆ ನನ್ನ ಮುಂದಿದ್ದದ್ದು ಬರಿಯ ಚಿತ್ರವಾಗಿ ಉಳಿಯಲಿಲ್ಲ. ಆ ಹುಡುಗ ಮಿತಭಾಷಿ, ಚಿತ್ರ ಬರೆಯುವ ಹುಚ್ಚಿನವನು. ಒಂದು ವರ್ಷ ಬರೆದು ತುಂಬಿಸಿದ್ದ ಅವನ ಚಿತ್ರಪುಸ್ತಕವನ್ನು ಆ ಸಹಪಾಠಿ ಎಲ್ಲರೆದುರಿಗೆ ಹರಿದು ಮೊಗಸಾಲೆಯಲ್ಲಿ ತೂರಿದ್ದನಂತೆ. ನೋಡಿದವರು ನಕ್ಕಿದ್ದರಂತೆ. ಮನೆಯಲ್ಲಿ ಹೇಳಿರಲಿಲ್ಲ, ಶಾಲೆಯಲ್ಲೂ ದೂರು ಕೊಟ್ಟಿರಲಿಲ್ಲ. ಹುಡುಗನ ಮತ್ತು ಅವನ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಇಂಥ ಹೊತ್ತಿನಲ್ಲಿ 'ಸೇಡು ಕೆಟ್ಟದ್ದು, ಕ್ಷಮೆಯೇ ದೊಡ್ಡದು' ಎಂದು ನೀತಿಪಾಠ ಹೇಳುವುದು ಮೇಷ್ಟರಿಗೆ ಬಹಳ ಸುಲಭ. ಕೇಳುವ ಹುಡುಗನಿಗೆ ಅದರಿಂದ ಆಗುವುದು ಇನ್ನೊಂದು ಅವಮಾನ. ಅವನ ನೋವು ನಿಜವಾದದ್ದು, ಕೋಪಕ್ಕೆ ಕಾರಣವಿತ್ತು. ಆದರೆ ಜೀವಂತ ಹುಡುಗನೊಬ್ಬನ ಮುಖದ ಮೇಲೆ ಕೆಂಪು ಗೀಟು ಎಳೆದು ಶಾಲೆಯಲ್ಲಿ ತೋರಿಸಿದರೆ ಅದನ್ನು ಯಾರೂ ಕಥೆಯೆಂದು ನೋಡುವುದಿಲ್ಲ, ಬೆದರಿಕೆಯೆಂದೇ ನೋಡುತ್ತಾರೆ. ಈ ಎರಡು ಮಾತುಗಳನ್ನೂ ಹೇಳಿ, ಫೋಟೋ ಹೋಗಲೇಬೇಕು, ಅದರಲ್ಲಿ ಚರ್ಚೆಯಿಲ್ಲ ಎಂದೆ. ಬಳಿಕ ರನ್ನನ ಕಡೆಗೆ ತಿರುಗಿದೆ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಆಶ್ಚರ್ಯವೆನಿಸಲಾರದು!

ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಾಳಿದ ರನ್ನನ 'ಗದಾಯುದ್ಧ'ಕ್ಕೆ 'ಸಾಹಸಭೀಮವಿಜಯ' ಎಂಬ ಹೆಸರೂ ಉಂಟು. ಕನ್ನಡದಲ್ಲಿ ಸೇಡಿನ ಕಥೆಯನ್ನು ಅದಕ್ಕಿಂತ ಬಿಗಿಯಾಗಿ ಹೇಳಿದ ಕೃತಿ ನನಗೆ ತಿಳಿಯದು. ಯುದ್ಧದ ಕಡೆಯ ದಿನದಲ್ಲಿ ನಿಂತು, ಸಿಂಹವು ನಡೆದು ಬಂದ ದಾರಿಯನ್ನು ಹೊರಳಿ ನೋಡುವಂತೆ, ಇಡೀ ಭಾರತದ ಕಥೆಯನ್ನು ಆತ ಹಿನ್ನೋಟದಲ್ಲಿ ಕಾಣಿಸುತ್ತಾನೆ. ಇಂದಿನವರು ಫ್ಲಾಶ್‌ಬ್ಯಾಕ್ ಎನ್ನುವುದನ್ನು ಆತ ಸಿಂಹಾವಲೋಕನ ಕ್ರಮವೆಂದು ಕರೆದ. ಅಲ್ಲಿಯೂ ಗದೆಗಿಂತ ಮೊದಲು ದ್ರೌಪದಿಯ ಬಿಚ್ಚಿದ ಮುಡಿಯಿದೆ, ಅವಳ ಅವಮಾನವಿದೆ. ಆದರೆ ರನ್ನನ ದೊಡ್ಡಸ್ತಿಕೆ ಇರುವುದು ಅದರಾಚೆಗೆ. ಯಾರ ತೊಡೆ ಮುರಿಯಬೇಕೋ ಆ ದುರ್ಯೋಧನನನ್ನೇ ಸಂಜಯನೊಡನೆ ರಣಭೂಮಿಯಲ್ಲಿ ನಡೆಸುತ್ತಾನೆ. ಅವನು ದುಶ್ಶಾಸನನ ಶವದ ಮುಂದೆ, ಕರ್ಣನ ಶವದ ಮುಂದೆ ಗೋಳಾಡುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಅವನ ಪರಾಕ್ರಮಕ್ಕೆ ತಲೆಬಾಗುತ್ತಾನೆ. ಭೀಮನ ಪಕ್ಷದಲ್ಲಿದ್ದ ಓದುಗನ ಎದೆ ಅಲ್ಲಿ ಎರಡಾಗುತ್ತದೆ. ಭೀಮ ಗೆಲ್ಲುತ್ತಾನೆ, ಆ ಗೆಲುವಿನ ಬೆಲೆ ನಮಗೆ ತಿಳಿಯುವುದು ಸೋತವನಿಗೂ ಒಂದು ಮುಖವಿದ್ದುದರಿಂದ.

"ನಿನ್ನ ಚಿತ್ರದಲ್ಲಿ ನಾಲ್ಕನೆಯವನಿಗೆ ಫೋಟೋ ಉಂಟು, ಮುಖವಿಲ್ಲ. ನಿನಗೂ ಮುಖವಿಲ್ಲ; ಟೋಪಿಯ ಒಳಗೆ ಮುಚ್ಚಿಹೋಗಿದೆ. ಆ ಹರಿದ ಪುಸ್ತಕ ಈಗ ಎಲ್ಲಿದೆ?" ಎಂದು ಕೇಳಿದೆ.

"ಮನೇಲಿದೆ ಸರ್. ಅಂಟಿಸ್ತಾ ಇದೀನಿ. ಒಂಬತ್ತು ಪುಟ ಆಗಿದೆ."

ಸಂಜೆ ಅವನೊಡನೆ ನಡೆದುಹೋಗಿ ಅವನ ತಾಯಿಗೆ ವಿಷಯ ತಿಳಿಸಿದೆ. ಆಕೆ ಶಾಲೆಗೆ ಹೋಗಿ ತರಗತಿಯ ಅಧ್ಯಾಪಕರೊಡನೆ ಮಾತನಾಡಿದರು. ಮುಂದಿನದು ಆ ಎರಡು ಮನೆಗಳಿಗೆ ಸೇರಿದ ವಿಚಾರ, ಇಲ್ಲಿ ಬೇಡ.

ಹದಿನೈದು ದಿನಗಳ ಬಳಿಕ ಹೊಸ ಆರಂಭ ಬಂತು. ಅವಧಿ ಒಂದು ನಿಮಿಷ ಐವತ್ತು ಸೆಕೆಂಡು. ಹಗಲು. ಊಟದ ಮೇಜಿನ ಮೇಲೆ ಹರಿದ ಕಾಗದದ ಚೂರುಗಳು. ಫ್ಯಾನಿನ ಗಾಳಿಗೆ ಹಾರದಂತೆ ಅವುಗಳ ಮೇಲೆ ಜಾಮಿಟ್ರಿ ಬಾಕ್ಸ್. ಎರಡು ಕೈಗಳು ಚೂರಿಗೆ ಚೂರು ಹೊಂದಿಸಿ ಅಂಟಿಸುತ್ತಿವೆ. ಸೆಲ್ಲೋಟೇಪನ್ನು ಎಳೆದಾಗಲೆಲ್ಲ ಬರುವ ಪರ್ ಎಂಬ ಸದ್ದು, ಕಾಗದವನ್ನು ಮತ್ತೆ ಹರಿದಂತೆಯೇ ಕೇಳಿಸುತ್ತದೆ. ಅಡಿಗೆಮನೆಯಿಂದ ಅಮ್ಮನ ದನಿ: "ಊಟಕ್ಕೆ ಬಾರೋ." "ಬಂದೆ" ಎನ್ನುವ ಹುಡುಗ ಏಳುವುದಿಲ್ಲ. ಟೇಪು ಕತ್ತರಿಸುವ ಸಣ್ಣ ಬ್ಲೇಡಿನ ಮೇಲೆ ಕ್ಯಾಮೆರಾ ಒಂದು ಕ್ಷಣ ಹೆಚ್ಚಾಗಿ ನಿಲ್ಲುತ್ತದೆ. ಇದು ನಿರ್ದೇಶಕಿಯ ಉಪಾಯವಂತೆ. ಪುಟ ಪೂರ್ಣವಾಗುತ್ತ ಬರುತ್ತದೆ. ಅದೊಂದು ಭಾವಚಿತ್ರ, ಮುಖವಿರಬೇಕಾದ ಕಡೆಯ ಚೂರು ಮಾತ್ರ ಇಲ್ಲ. ಹುಡುಗ ಮೇಜಿನ ಕೆಳಗೆ ಹುಡುಕುತ್ತಾನೆ, ಚೀಲ ಕೊಡವುತ್ತಾನೆ. ಆಗ ಅವನ ಫೋನು ಸದ್ದು ಮಾಡುತ್ತದೆ. ಪರದೆಯ ಮೇಲೆ, ಯಾರದೋ ಅಂಗೈಯಲ್ಲಿ, ಕಾಣೆಯಾದ ಆ ಚೂರು. ಶೀರ್ಷಿಕೆ: 'ಹತ್ತನೆಯ ಪುಟ'.

ರಕ್ತವಿಲ್ಲ, ಕಿರುಚಾಟವಿಲ್ಲ. ಆದರೂ ನಾನು ಕುರ್ಚಿಯ ಅಂಚಿಗೆ ಸರಿದಿದ್ದೆ. ಆ ಅಂಗೈ ಯಾರದು? ಚೂರನ್ನು ಏಕೆ ಇಟ್ಟುಕೊಂಡಿದ್ದಾನೆ? ಕೆಣಕಲೋ, ಹಿಂದಿರುಗಿಸಲೋ? ಆ ಇನ್ನೊಬ್ಬ ಹುಡುಗನಿಗೂ ಒಂದು ಮನಸ್ಸಿರಬಹುದೆಂಬ ಸಂದೇಹ ಎರಡು ನಿಮಿಷದೊಳಗೆ ಹುಟ್ಟಿತ್ತು. ಕಥೆ ಬರೆದವನನ್ನು ಕೇಳಿದರೆ, "ನಂಗೂ ಇನ್ನೂ ಗೊತ್ತಿಲ್ಲ ಸರ್" ಎಂದ. ಅವನಿಗೇ ಗೊತ್ತಿಲ್ಲದಿರುವುದು ನನಗೆ ಸಮಾಧಾನ ತಂದಿತು.

ಇನ್ನು ಅಂಕಗಳು. ಕಥೆ, ದೃಶ್ಯ, ಧ್ವನಿ, ಸಂಕಲನ, ಸ್ವಂತಿಕೆ ಎಂದು ಐದು ಭಾಗ ಮಾಡಿಕೊಂಡು ಪ್ರತಿಯೊಂದಕ್ಕೆ ಐದರಂತೆ ಇಪ್ಪತ್ತೈದಕ್ಕೆ ತಿದ್ದಿದೆ. ಮೊದಲ ಚಿತ್ರಕ್ಕೆ ಹನ್ನೊಂದು, ಎರಡನೆಯದಕ್ಕೆ ಹತ್ತೊಂಬತ್ತು. ಆರು ಅಂಕ ಎಲ್ಲಿ ಹೋಯಿತೆಂದು ಮಕ್ಕಳು ಜಗಳಕ್ಕೆ ನಿಂತರು. ಅಮ್ಮನ ದನಿಯ ಮೇಲೆ ಬಸ್ಸಿನ ಹಾರ್ನು ಬಿದ್ದು ಮಾತು ಕೇಳಿಸದಿದ್ದುದಕ್ಕೆ ಎರಡು; ಚೀಲ ಕೊಡವುವ ದೃಶ್ಯ ಅಗತ್ಯಕ್ಕಿಂತ ಉದ್ದವಾದದ್ದಕ್ಕೆ ಒಂದು; ಫೋನಿನ ಪರದೆಯನ್ನು ಕಣ್ಣಿಗೆ ನಿಲುಕದಷ್ಟು ಬೇಗ ಕತ್ತರಿಸಿದ್ದಕ್ಕೆ ಎರಡು; 'ಹತ್ತನೆಯ' ಎಂಬಲ್ಲಿ ತಕಾರದ ಒತ್ತಕ್ಷರ ಬಿಟ್ಟುಹೋಗಿ 'ಹತನೆಯ' ಎಂದಾಗಿದ್ದಕ್ಕೆ ಒಂದು. ಕೊನೆಯ ತಪ್ಪಿಗೆ ಅರ್ಧವನ್ನಾದರೂ ವಾಪಸು ಕೊಡಿ ಎಂದು ನಾಲ್ವರೂ ಪಟ್ಟುಹಿಡಿದರು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಉತ್ತರ ಗೊತ್ತೇ ಇದೆ: ಕಾಗುಣಿತದ ಅಂಕವನ್ನು ಈ ಮೇಷ್ಟರು ಎಂದೂ ಹಿಂದಕ್ಕೆ ಕೊಟ್ಟವರಲ್ಲ.