ಪಾರ್ಕ್ ಫೇಸಿಂಗ್

ಬೆಂಗಳೂರಿನಲ್ಲಿ ಸೈಟು ತೋರಿಸುವವರು ‘ಪಾರ್ಕ್ ಫೇಸಿಂಗ್’ ಅಂದರೆ ಬೆಲೆ ಒಂದಿಷ್ಟು ಹೆಚ್ಚು ಎಂದೇ ಅರ್ಥ. ಹಾಗೆ ಹೆಚ್ಚು ಕೊಟ್ಟು ಕೊಂಡವರ ಮನೆಗಳೇ ನಮ್ಮ ಬಡಾವಣೆಯ ಪಾರ್ಕಿನ ಸುತ್ತ ಇವೆ. ಆದರೆ ಬೆಳಿಗ್ಗೆ ವಾಕಿಂಗ್‌ಗೆ ಬರುವವರಲ್ಲಿ ಹೆಚ್ಚಿನವರು ಮೂರು ನಾಲ್ಕು ಕ್ರಾಸ್ ಆಚೆಯವರು. ಎದುರು ಮನೆಯ ಹಿರಿಯರೊಬ್ಬರನ್ನು ಕೇಳಿದೆ. “ಎದುರಿಗೇ ಇದೆಯಲ್ಲ ಸಾರ್, ಯಾವಾಗ ಬೇಕಾದ್ರೂ ಹೋಗ್ಬಹುದು ಬಿಡಿ” ಅಂದರು. ದೂರದಿಂದ ಬರುವವರು ಹೊತ್ತು ಗೊತ್ತುಮಾಡಿಕೊಂಡು, ಜೊತೆಗಾರರಿಗೆ ಫೋನು ಮಾಡಿ ಹೊರಡುತ್ತಾರೆ. ಎದುರಿಗಿದ್ದವರಿಗೆ ಆ ಏರ್ಪಾಡೇ ಬೇಕಿಲ್ಲ, ಹಾಗಾಗಿ ಹೊರಡುವ ಗಳಿಗೆಯೇ ಬರುವುದಿಲ್ಲವೇನೋ.

*

ಹಿತ್ತಲ ಗಿಡ ಮದ್ದಲ್ಲ ಎಂದು ಮುಗಿಸಿಬಿಡಬಹುದಿತ್ತು. ಡೆನ್ಮಾರ್ಕಿನ ಒಡೆನ್ಸೆ ನಗರದ ಬಗ್ಗೆ 2010ರಲ್ಲಿ ಬಂದ ಅಧ್ಯಯನ ಹಾಗೆ ಮುಗಿಸಲು ಬಿಡುವುದಿಲ್ಲ. ಅಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮನೆಗೆ ತೀರ ಹತ್ತಿರದ ಹಸಿರು ಜಾಗವನ್ನೇ ಹೆಚ್ಚು ಬಳಸುತ್ತಿದ್ದರು. ಉಳಿದವರಿಗೆ ಅದನ್ನು ಬಿಟ್ಟು ಬೇರೆಡೆ ಹೋಗುವ ಚೈತನ್ಯವಿತ್ತು. ವಯಸ್ಸು, ಎಳೆಮಕ್ಕಳು, ಅನಾರೋಗ್ಯ — ಇವೆಲ್ಲ ಲೆಕ್ಕಕ್ಕೆ ಬಂದವು. ಅಂದರೆ ಹತ್ತಿರದ ಪಾರ್ಕು ನಿಜವಾಗಿ ಬೇಕಾಗಿರುವುದು ದೂರ ಹೋಗಲಾರದವರಿಗೆ. ನನ್ನಂಥ ಗಟ್ಟಿಕಾಲಿನವರನ್ನು ಎಣಿಸಿ ಪಾರ್ಕಿನ ಬೆಲೆ ಕಟ್ಟುವುದು ಸರಿಯಲ್ಲ.

*

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ 2014ರಲ್ಲಿ ಇನ್ನೊಂದು ಮಾತು ಬಂತು: ಪಾರ್ಕಿಗೆ ಹೋಗುವುದನ್ನು ತೀರ್ಮಾನಿಸುವಲ್ಲಿ ಹತ್ತಿರವಿರುವುದಕ್ಕಿಂತ ಗಿಡಮರಗಳ ಮೇಲಿನ ಒಲವೇ ಬಲವಾದದ್ದು. ಪಾರ್ಕಿಗೆ ಹೋಗುವವರು ಸ್ವಂತ ಅಂಗಳದಲ್ಲೂ ಹೆಚ್ಚು ಹೊತ್ತು ಕಳೆಯುತ್ತಾರಂತೆ. ಹಾಗಾದರೆ ಒಲವು ಎಲ್ಲಿಂದ ಹುಟ್ಟಿತು? ಚಿಕ್ಕಂದಿನಲ್ಲಿ ಹತ್ತಿರ ಮರವಿದ್ದದ್ದರಿಂದಲೇ ಇರಬಹುದಲ್ಲ. ಈ ಗಂಟು ನನಗೆ ಬಿಡಿಸಲಾಗಿಲ್ಲ.

*

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಒಂದು ಅಳತೆ ಸೂಚಿಸಿದೆ: ಮನೆಯಿಂದ 300 ಮೀಟರಿನೊಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರ್ ಹಸಿರು. ನಕ್ಷೆಯ ಮೇಲೆ ಗೆರೆ ಎಳೆದರೆ ಲಾಲ್‌ಬಾಗಿನ ಗೋಡೆಗೆ ಒತ್ತಿಕೊಂಡ ಬೀದಿಗಳೆಲ್ಲ ಪಾಸು. 240 ಎಕರೆಯ ತೋಟಕ್ಕೆ ಗೇಟುಗಳು ಮಾತ್ರ ನಾಲ್ಕು. ಗೋಡೆಯಾಚೆಯ ಮರದ ಎಲೆ ಮನೆಯ ತಾರಸಿಗೆ ಉದುರಿದರೂ ಗೇಟಿಗೆ ಸುತ್ತಿ ಹೋಗಬೇಕು, ಸಿಗ್ನಲ್ಲಿಲ್ಲದ ರಸ್ತೆ ದಾಟಬೇಕು. ಬೆಳಗಿನ ವಾಕಿಂಗ್ ಹೊತ್ತು ಕಳೆದರೆ ಟಿಕೆಟ್ಟೂ ಬೇಕು. ಅಳತೆಯನ್ನು ಗೋಡೆಯಿಂದಲ್ಲ, ಗೇಟಿನಿಂದ ತೆಗೆಯಬೇಕು. ಹೊಸ ಗೇಟೊಂದನ್ನು ತೆರೆದರೆ, ಒಂದು ಸಸಿಯನ್ನೂ ನೆಡದೆ ಎಷ್ಟೋ ಮನೆಗಳಿಗೆ ಪಾರ್ಕು ಹತ್ತಿರವಾಗುತ್ತದೆ.

*

ಎದುರು ಮನೆಯವರು ಪಾರ್ಕನ್ನು ಬಳಸುತ್ತಿಲ್ಲ ಎನ್ನಲೂ ಹಿಂಜರಿಕೆ. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ನೋಡಿ ಬರೆದದ್ದು ನೆನಪಿಗೆ ಬರುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಾಚೆ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಅವರಿಗೆ ತೀವ್ರ ನೋವುನಿವಾರಕಗಳೂ ಕಡಿಮೆ ಸಾಕಾದವು. ನಮ್ಮ ಹಿರಿಯರು ಸಂಜೆ ಬಾಲ್ಕನಿಯಲ್ಲಿ ಕೂತು ಹೊಂಗೆಮರದತ್ತ ನೋಡುತ್ತಿರುತ್ತಾರೆ. ಅವರು ಯಾವ ಗೇಟಿನ ಲೆಕ್ಕಕ್ಕೂ ಸಿಗುವುದಿಲ್ಲ.

*

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿರುವುದು ಮಧ್ಯಾಹ್ನ. ಪಾಲಿಕೆಯ ಪಾರ್ಕುಗಳಿಗೆ ಮೊದಲು ನಡುಹಗಲಲ್ಲಿ ಬೀಗ ಬೀಳುತ್ತಿತ್ತು. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲಿ ಹೇಳಲಾಯಿತು. ಅಲ್ಲಿಂದೀಚೆಗೆ ಆ ಹೊತ್ತಿನಲ್ಲಿ ಬೆಂಚುಗಳ ಮೇಲೆ ಬೇರೆಯೇ ಜನ. ಡೆಲಿವರಿ ಹುಡುಗರು ಹೆಲ್ಮೆಟ್ ತಲೆದಿಂಬು ಮಾಡಿಕೊಂಡು ಮಲಗಿರುತ್ತಾರೆ. ಮನೆಗೆಲಸದ ಹೆಂಗಸರು ಡಬ್ಬಿ ಬಿಚ್ಚಿ ಚಿತ್ರಾನ್ನ ಹಂಚಿಕೊಂಡು ಉಣ್ಣುತ್ತಾರೆ. ಅವರಲ್ಲಿ ಒಬ್ಬಾಕೆ ಎರಡು ಬಸ್ಸು ಹಿಡಿದು ಬರುವವರು. “ಕೆಲಸದ ಮನೇಲಿ ಕೂತ್ರೆ ಏನಾದ್ರೂ ಹೇಳ್ತಾನೇ ಇರ್ತಾರಣ್ಣ, ಇಲ್ಲಿ ಯಾರೂ ಕರಿಯಲ್ಲ” ಅಂದರು.

ಒಡೆನ್ಸೆಯಿಂದ 300 ಮೀಟರಿನವರೆಗೆ ನಾನು ಓದಿದ ಅಳತೆಗಳೆಲ್ಲ ಮನೆಬಾಗಿಲಿನಿಂದ ಶುರುವಾಗುತ್ತವೆ. ಈಕೆಗೆ ಪಾರ್ಕು ಹತ್ತಿರವಾಗಿರುವುದು ಕೆಲಸದಿಂದ. ಸುತ್ತಲಿನ ಯಾವ ಮನೆಯವರಿಗಿಂತಲೂ ಹೆಚ್ಚು ಹೊತ್ತು ಅವರು ಇಲ್ಲಿ ಕೂರುತ್ತಾರೆ.

*

ಪಾರ್ಕಿನಲ್ಲಿ ಓಪನ್ ಜಿಮ್ ಇದೆ. ಕುಡಿಯುವ ನೀರಿಲ್ಲ, ಶೌಚಾಲಯವಿಲ್ಲ. ನಿವಾಸಿಗಳ ಸಭೆಯಲ್ಲಿ ಅದನ್ನು ಯಾರೂ ಎತ್ತಿದ್ದಿಲ್ಲ. ಮನೆ ಎದುರಿಗೇ ಇರುವವರಿಗೆ ಆ ಕೊರತೆ ಗೊತ್ತಾಗುವಂತೆಯೇ ಇಲ್ಲ. ಮುಂದಿನ ಸಭೆಗೆ ಮಧ್ಯಾಹ್ನದವರನ್ನು ಕರೆಯಬೇಕೆಂದು ಕಾರ್ಯದರ್ಶಿಗೆ ಚೀಟಿ ಕೊಟ್ಟಿದ್ದೇನೆ. ಸಭೆಯನ್ನು ಭಾನುವಾರ ಬೆಳಿಗ್ಗೆ ಇಟ್ಟರೆ ಅವರು ಬರಲಾರರು, ವಾರದ ದಿನ ಎರಡು ಗಂಟೆಗೆ ಇಡಿ ಎಂದೂ ಬರೆದಿದ್ದೇನೆ.